ಬರಿಗಾಲಿನ ಅಳತೆ

ಅಮೆರಿಕದ ಕಾಲೇಜಿನ ಪತ್ರ ಬಂದದ್ದು ಶನಿವಾರ ಬೆಳಿಗ್ಗೆ. ನಾಲ್ಕೇ ಸಾಲು. ಅಭಿಷೇಕನು ವೃತ್ತಿಪರ ಕ್ಲಬ್ಬೊಂದರ ಜೊತೆ ಸಂಬಳದ ಕರಾರು ಮಾಡಿಕೊಂಡು ಅದನ್ನು ಮುಚ್ಚಿಟ್ಟಿದ್ದಾನೆ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅವನಿಗಿತ್ತ ಸ್ಥಾನ ರದ್ದಾಗಿದೆ. ಜೊತೆಗೆ, ಯಾರೋ ಹೆಸರು ಹೇಳದೆ ಕಳುಹಿಸಿದ ಕರಾರಿನ ನಕಲು. ಕೆಳಗೆ ಅಭಿಷೇಕನ ಸಹಿ.

“ಐ ಡಿಡ್ ನಾಟ್ ಸೈನ್ ದಿಸ್, ಅಂಕಲ್,” ಎಂದ ಹದಿನೆಂಟರ ಹುಡುಗ. ಕಾಗದವನ್ನು ಎದುರಿಗಿದ್ದ ಹಿರಿಯರ ಕೈಗಿತ್ತ.

ಮಲೇಷ್ಯಾದ ಸುಬಾಂಗ್ ಜಯಾದ ಆ ಮನೆಯಲ್ಲಿ ಮೂರು ವರ್ಷಗಳಿಂದ ಹಬ್ಬ, ಊಟ, ಊರಿನ ಪ್ರಯಾಣ ಎಲ್ಲವೂ ಆ ಸ್ಥಾನದ ಗುರಿಗೆ ಹೊಂದಿಕೊಂಡು ನಡೆದಿತ್ತು. ತಾಯಿ ರತ್ನ ಪಕ್ಕದ ಮನೆಯ ಯಜ್ಞನಾರಾಯಣರನ್ನು ಕರೆಸಿದ್ದಳು. ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಉಡುಪಿಯವರು. ಅಂಕಿ ತಪ್ಪಿದರೆ ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

“ಇದು ಆ ಕ್ಲಬ್ಬಿನ ಏಜೆಂಟ್ ಲಿಯೋಂಗನದೇ ಕೆಲಸ, ಮೇಷ್ಟ್ರೇ. ಕಾಲೇಜು ತಪ್ಪಿದ್ರೆ ಇವನು ಅವನ ಹತ್ರಾನೇ ಹೋಗ್ಬೇಕಲ್ಲ. ಆರಡಿ ಎರಡಿಂಚಿನ ಹುಡುಗನ್ನ ಯಾರು ಬಿಡ್ತಾರೆ?” ಎಂದಳು ರತ್ನ.

“ಕ್ಲಬ್ಬಾದ್ರೂ ಇದೆಯಲ್ಲ, ಬಿಡಮ್ಮ.” ಕಾಫಿ ತಂದಿಟ್ಟ ಮಗಳು ಇಂಚರ ಹೇಳಿದಳು. ಅಭಿಷೇಕನಿಗಿಂತ ಮೂರು ವರ್ಷ ದೊಡ್ಡವಳು.

ಯಜ್ಞನಾರಾಯಣರು ಕರಾರನ್ನು ಎರಡು ಸಲ ಓದಿದರು. ಆಟಗಾರನ ಎತ್ತರ: ೧೮೮ ಸೆಂಟಿಮೀಟರ್.

“ನಿನ್ನ ಎತ್ತರ ಎಷ್ಟು ಮಾರಾಯ?”

“ವನ್ ನೈಂಟಿ ವನ್.”

* * *

ಗುರುವಾರ ಲಿಯೋಂಗ್ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಲ್ಲಿ ಚಹಾ ಕುಡಿಯುತ್ತ ಯಜ್ಞನಾರಾಯಣರಿಗೆ ಸಿಕ್ಕ.

“ಹುಡುಗ ನನಗೆ ಬೇಕಿತ್ತು ಲಾ, ಅಂಕಲ್. ಆದರೆ ಇಂಥ ಕಾಗದ ಮಾಡಿದರೆ ಕೆಲಸ ಹೋಗೋದು ನನ್ನದೇ.” ಫೋನಿನಲ್ಲಿ ಕ್ಲಬ್ಬಿನ ಅಳತೆಪಟ್ಟಿ ತೋರಿಸಿದ. ೧೯೧. “ಶೂ ಹಾಕಿಸಿಯೇ ಅಳೀತೀವಿ.”

“ಕರಾರು ಸುಳ್ಳೆಂದು ಕಾಲೇಜಿಗೆ ಬರೆಯಿರಿ.”

“ಬರೆದೆವು. ಆ ಜಾಗಕ್ಕೆ ಬೇರೆಯವನು ಬಂದಾಯಿತಂತೆ. ಯುರೋಪಿನಲ್ಲಿ ಮೂರು ವರ್ಷ ಸಂಬಳಕ್ಕೆ ಆಡಿದವನು. ಎಲ್ಲ ಮೊದಲೇ ಹೇಳಿಕೊಂಡಿದ್ದರಿಂದ ಅವನಿಗೆ ಅಡ್ಡಿಯಾಗಲಿಲ್ಲವಂತೆ. ಪಳಗಿದವನು ಸಿಕ್ಕರೆ ಶಾಲೆಯ ಹುಡುಗ ಯಾರಿಗೆ ಬೇಕು?” ಲಿಯೋಂಗ್ ಲೋಟ ಸರಿಸಿದ. “ನಮ್ಮ ಆಡಳಿತದವರೂ ಇವತ್ತು ಇವನ ಫೈಲ್ ಮುಚ್ಚಿದರು. ರಗಳೆಯ ಹುಡುಗ ಬೇಡವಂತೆ.”

* * *

ಸಂಜೆ ಯಜ್ಞನಾರಾಯಣರು ಚಪ್ಪಲಿಯನ್ನು ಹೊರಗೆ ಬಿಟ್ಟು ರತ್ನಳ ಮನೆಯೊಳಗೆ ಬಂದರು. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿದ್ದವು. ಮಕ್ಕಳ ಹುಟ್ಟುಹಬ್ಬದ ಅಳತೆಗಳು. ಹಳೆಯವು ಅಪ್ಪನ ಕೈಬರಹದಲ್ಲಿ, ಅಡಿ ಇಂಚುಗಳಲ್ಲಿ. ಈಚಿನವು ಇನ್ನೊಂದು ಕೈಯವು. ಎಲ್ಲಕ್ಕಿಂತ ಮೇಲೆ: ೧೮೮.

“ಆಟದವರು ಶೂ ಸಮೇತ ಅಳೆಯುತ್ತಾರೆ, ಅವರ ಲೆಕ್ಕ ೧೯೧. ಅಭಿಷೇಕ ಹೇಳುವುದೂ ಅದೇ. ಅಪ್ಪ ಅಮ್ಮನ ಲೆಕ್ಕ ಅಡಿ ಇಂಚಿನದು. ಕರಾರಿನಲ್ಲಿರುವ ೧೮೮ ಈ ಬಾಗಿಲಿನದು; ಬರಿಗಾಲಿನಲ್ಲಿ ನಿಲ್ಲಿಸಿ ಸೆಂಟಿಮೀಟರಿನಲ್ಲಿ ಬರೆದ ಕೈ ಒಂದೇ.” ಅವರು ತಿರುಗಿದರು. “ನಿನ್ನದು, ಇಂಚರ.”

ರತ್ನಳ ಕೈಯಲ್ಲಿದ್ದ ಸೌಟು ನಿಂತಿತು.

ಇಂಚರ ಅಲ್ಲಗಳೆಯಲಿಲ್ಲ. “ಮೂರು ವರ್ಷದ ಹಿಂದೆ ನನ್ನನ್ನೂ ಅಮೆರಿಕದ ಒಂದು ಕಾಲೇಜು ಆಟಕ್ಕೆ ಕರೆದಿತ್ತು, ಅಂಕಲ್. ಹುಡುಗೀನ ಅಷ್ಟು ದೂರ ಕಳಿಸಲ್ಲ ಅಂದ್ಲು ಅಮ್ಮ. ನನಗೆ ಸಂಬಳ ಕೊಡೋ ಕ್ಲಬ್ ಇಲ್ಲಿ ಯಾವುದಿತ್ತು? ಇದ್ದದ್ದು ಅದೊಂದೇ ದಾರಿ. ಇವನಿಗೆ ಎರಡು.”

“ಅದಕ್ಕೆ?”

“ಒಂದು ಕಳೆದ್ರೆ ಒಂದು ಉಳಿಯತ್ತೆ ಅಂದ್ಕೊಂಡೆ. ಆಡ್ತಾನೇ ಇರ್ತಾನೆ. ಅಮ್ಮನಿಗೆ ಮಾತ್ರ ಒಂದಿನ ಗೊತ್ತಾಗ್ಲಿ, ಬಂದ ಪತ್ರ ವಾಪಸ್ ಹೋದ್ರೆ ಹೆಂಗಿರತ್ತೆ ಅಂತ.”

“ಕ್ಲಬ್ಬಿನವರೂ ಇವತ್ತು ಬೇಡವೆಂದರು,” ಎಂದರು ಯಜ್ಞನಾರಾಯಣರು. “ನಿನ್ನ ಕಾಗದದಿಂದಲೇ.”

ಇಂಚರ ಮೊದಲ ಬಾರಿಗೆ ತಮ್ಮನ ಕಡೆ ನೋಡಿದಳು. ಅವನು ಹೊಸ್ತಿಲಾಚೆ ಅಭ್ಯಾಸಕ್ಕೆಂದು ಶೂ ಕಟ್ಟಿಕೊಳ್ಳುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಂದು ಶೂವಿನ ಲೇಸು ಬಿಚ್ಚಿದ, ಆಮೇಲೆ ಇನ್ನೊಂದರದು. ಎರಡನ್ನೂ ಜೋಡಿಸಿ ಗೋಡೆಯ ಪಕ್ಕಕ್ಕಿಟ್ಟು, ಬರಿಗಾಲಿನಲ್ಲಿ ಅಕ್ಕನನ್ನು ದಾಟಿ ತನ್ನ ಕೋಣೆಗೆ ಹೋದ.