ನಡುಗುವ ಕೈಯನ್ನು ಒಪ್ಪದ ಕಾವಲು

ಬೆಳಗಿನ ಪಾಳಿಯಲ್ಲೇ ಕೈಗಾವಲು ಒಬ್ಬ ಕಳ್ಳನನ್ನು ತಡೆದಿತ್ತು. ಗುಡ್ಡದ ಹೊಟ್ಟೆಯೊಳಗಿನ ಆ ಜಲವಿದ್ಯುತ್ ಕೇಂದ್ರದ ನಿಯಂತ್ರಣ ಜಾಲಕ್ಕೆ ಯಾವನೋ ಹೊರಗಿನಿಂದ ನುಗ್ಗಿ, ಆಪರೇಟರ್ ನದಾಫರ ಹೆಸರು, ಪಾಸ್‌ವರ್ಡ್ ಎರಡನ್ನೂ ಕದ್ದು, ಟರ್ಬೈನ್ ನಿಲ್ಲಿಸಲು ಆದೇಶ ಕೊಟ್ಟಿದ್ದ. ಕೈಗಾವಲು ಜಪ್ಪಯ್ಯ ಅಂದರೂ ಬಿಡಲಿಲ್ಲ. ಕೀಲಿಮಣೆಯ ಕೀಲಿ ಒತ್ತುವ ಬಿರುಸು, ನಡುವಿನ ತಡ, ಇಷ್ಟರಿಂದಲೇ ಮನುಷ್ಯನನ್ನು ಗುರುತಿಸುವ ಸಾಧನ ಅದು. ನದಾಫರೋ, ದಿನವಿಡೀ ಅದನ್ನೇ ಬೈಯುತ್ತ ಕೀಲಿಗಳನ್ನು ಕುಟ್ಟುವವರು. ಕಳ್ಳನಿಗೆ ಆ ಸಿಟ್ಟು ಎಲ್ಲಿಂದ ಬರಬೇಕು!

ಆ ಸಾಧನವನ್ನು ಕಂಡುಹಿಡಿದ ಡಾ. ನಾಗವೇಣಿ ಹುಲಕೋಟಿ ಅದೇ ಖುಷಿಯಲ್ಲಿ, ನೀರಿನ ಒತ್ತಡ ಅಳೆಯುವ ಸಂವೇದಕವೊಂದನ್ನು ನೋಡಲು ಟರ್ಬೈನಿನ ಕೆಳಗಿನ ಗುಂಡಿಗೆ ಇಳಿದಳು. ಅಷ್ಟರಲ್ಲಿ ಮೇಲೆ ಯಾವುದೋ ರಿಲೇ ಸ್ವಿಚ್ಚು ಕೆಟ್ಟು, ಅಣೆಕಟ್ಟಿನ ನೀರು ತಡೆಯುವ ಕವಾಟ ಗೇಣುದ್ದ ತೆರೆದುಕೊಂಡಿತು. ನೀರು ಧೋ ಎಂದು ನುಗ್ಗಿತು. ಕೇಂದ್ರ ಮುಳುಗಬಾರದೆಂದು ಉಕ್ಕಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವಳು ಒಳಗೇ ಉಳಿದಳು.

ಗೋಡೆಯ ಫೋನ್ ಎತ್ತಿದಳು. "ನದಾಫರ, ಕವಾಟ ಮುಚ್ಚ್ರಿ!"

"ಮುಚ್ಚಾಕತ್ತೀನ್ರಿ ಮೇಡಂರ, ನಿಮ್ಮ ಡಬ್ಬಿ ಬಿಡವಲ್ದು! ಇದು ನದಾಫನ ಕೈ ಅಲ್ಲ ಅಂತೈತಿ. ನೀವು ಒಳಗದೀರಿ, ಕೈ ನಡಗದ ಏನ್ ಮಾಡ್ತಾವ್ರಿ?"

"ಕೈಯಿಂದ ತಿರುಗಿಸೋ ಚಕ್ರ ಐತೆಲ್ರಿ?"

"ಎಲ್ಲೈತ್ರಿ? ಕಳ್ಳರು ತಿರುಗಿಸ್ತಾರಂತ ನೀವ ತೆಗಸೀರಿ."

ಹೌದು, ಅವಳೇ ತೆಗೆಸಿದ್ದಳು. ಬೆದರಿಕೆಗೆ ಸಿಕ್ಕವನ ಕೈ ನಡುಗುತ್ತದೆಂದು, ನಡುಗುವ ಕೈಯನ್ನು ತಳ್ಳಿಹಾಕಲು ಕಲಿಸಿದವಳೂ ಅವಳೇ. ಪಾಳಿ ಮುಗಿಯುವತನಕ ಬೇರೊಬ್ಬರ ಕೈಯನ್ನು ಒಪ್ಪದಂತೆ ಬಿಗಿ ಮಾಡಿದವಳೂ ಅವಳೇ. ಬಿಟ್ಟುಹೋದ ಒಂದು ಸಂದಿಯಾದರೂ ಇದ್ದೀತೇ ಎಂದು ತಲೆಯೊಳಗೆಲ್ಲ ತಡಕಾಡಿದಳು. ಒಂದೂ ಇರಲಿಲ್ಲ. ನೀರು ಸೊಂಟಕ್ಕೆ ಬಂತು, ಜೀವ ಬಾಯಿಗೆ ಬಂತು.

"ಹೆದರಬ್ಯಾಡ್ರಿ" ಎಂದಷ್ಟೂ ನದಾಫರು ಇನ್ನೂ ಹೆದರಿದರು. ಆಗ ಅವಳಿಗೆ, ನದಾಫರ ಸಿಟ್ಟಿಲ್ಲದೆ ಸಿಕ್ಕಿಬಿದ್ದ ಬೆಳಗಿನ ಕಳ್ಳ ನೆನಪಾದ.

"ಅಲ್ರಿ ನದಾಫರ," ದನಿ ಬಿಗಿ ಮಾಡಿಕೊಂಡಳು, "ಇದಕ್ಕ ನಾ ನಿಮ್ಮ ಕುರ್ಚಿ ತೆಗೀರಿ ಅಂತ ಮಂಡಳಿಗೆ ಬರದೀನಿ. ಮುಂದಿನ ತಿಂಗಳಿಂದ ಡಬ್ಬೀನ ಪಾಳಿ ಮಾಡ್ತೈತಿ. ನೀವು ಮನ್ಯಾಗ ಚಾ ಕುಡಕೋತ ಕುಂದರ್ರಿ."



"ಏನಂದ್ರಿ? ಮೂವತ್ತು ವರ್ಷ ಈ ನೀರು ಕಾಯ್ದಾಂವ ನಾ! ಈ ಹಾಳ ಡಬ್ಬಿ ನನ್ನ ಪಾಳಿ ಮಾಡ್ತೈತೇನು?" ಕೀಲಿಗಳ ಮೇಲೆ ದಬದಬ ಸದ್ದು ಕೇಳಿಸಿತು. ಹಿಂದೆಯೇ ಕವಾಟ ಮುಚ್ಚಿದ ಗುಡುಗು.

ನೀರಿಳಿದು ಬಾಗಿಲು ತೆರೆದಾಗ ನದಾಫರು ಇನ್ನೂ ಬೈಯುತ್ತಿದ್ದರು, ಕಣ್ಣು ತುಂಬಿಕೊಂಡು. "ಸುಳ್ಳು ಹೇಳಿದ್ನಿರಿ," ಎಂದು ಅವರ ಕೈ ಹಿಡಿದುಕೊಂಡಳು. ಆ ಕೈ ಮತ್ತೆ ನಡುಗುತ್ತಿತ್ತು.

ವಿಚಾರಣೆಯ ದಿನ ಮಂಡಳಿಯ ಅಧಿಕಾರಿ ಸಮಾಧಾನದಿಂದ ಹೇಳಿದರು: "ಸಾಧನದಲ್ಲಿ ದೋಷವೇನೂ ಇಲ್ಲ, ಡಾಕ್ಟ್ರೇ. ಕೈ ನಡುಗದ ಹಾಗೆ ಆಪರೇಟರುಗಳಿಗೆ ತರಬೇತಿ ಕೊಟ್ಟರಾಯಿತು."

"ಮೊದಲು ಆ ಚಕ್ರ ವಾಪಸ್ ಕೂಡಿಸಿ," ಎಂದಳು ನಾಗವೇಣಿ. ಅವರು ನಕ್ಕರು.

ಅವಳಿಗೆ ಅಜ್ಜಿ ನೆನಪಾದಳು. ಎರಡು ಸಾವಿರದ ಇಪ್ಪತ್ತರ ದಶಕದ ಒಂದು ಪಡಿತರ ಅಂಗಡಿ. ಭಾಂಡೆ ತಿಕ್ಕಿ ಸವೆದ ಹೆಬ್ಬೆರಳನ್ನು ಅಜ್ಜಿ ಬೆರಳಚ್ಚಿನ ಯಂತ್ರದ ಮೇಲೆ ಒತ್ತುವಳು, ಸೆರಗಿಗೆ ಒರೆಸಿ ಮತ್ತೆ ಒತ್ತುವಳು. ಯಂತ್ರ ಅವಳನ್ನು ಅವಳೆಂದು ಒಪ್ಪಲೇ ಇಲ್ಲ. ಸಾಲಿನಲ್ಲಿದ್ದವರೆಲ್ಲ ಅಜ್ಜಿಗೇ ಬುದ್ಧಿ ಹೇಳಿದ್ದರು, "ಕೈ ತೊಳಕೊಂಡು ಬಾರಬೇ" ಎಂದು. ಯಂತ್ರಕ್ಕೆ ಯಾರೂ ಒಂದು ಮಾತು ಅಂದಿರಲಿಲ್ಲ.