ತಂತಿಯ ಮೇಲಿನ ವಿಭೂತಿ

ಕೆಂಚಪ್ಪನ ಬಲಗೈ ಅಚ್ಚಿಗೆ ಸಿಕ್ಕಿದ್ದು ಬೆಳಿಗ್ಗೆ ಹತ್ತಕ್ಕೆ. ಸ್ವಿಚ್ಚಿಗೆ ಬಿಗಿದ ತಂತಿ ನಮ್ಮ ಕಣ್ಣಿಗೆ ಬಿದ್ದದ್ದು ಹನ್ನೊಂದಕ್ಕೆ.

೧೯೮೪ರ ದೀಪಾವಳಿಗೆ ಎರಡು ದಿನ ಇತ್ತು. ತರೀಕೆರೆಯಲ್ಲಿ ಪ್ಲಾಸ್ಟಿಕ್ ಸೋಪಿನ ಡಬ್ಬಿ ಮಾಡುವ ಶೆಡ್ಡು, ಒಂದೇ ಮಿಷನ್ನು, ಅದನ್ನು ನಡೆಸುವವನು ಕೆಂಚಪ್ಪ. ಸಬ್ ಇನ್ಸ್‌ಪೆಕ್ಟರ್ ಓಂಕಾರಮೂರ್ತಿಯವರ ಹಿಂದೆ ದಫೇದಾರ ನಾನು, ತೀರ್ಥಪ್ಪ. ಕಾಯಿಸಿದ ಪ್ಲಾಸ್ಟಿಕ್ಕಿನ ವಾಸನೆಗೆ ನನಗೆ ತಲೆ ಸಿಡಿಯುತ್ತಿತ್ತು.

ಅಚ್ಚಿನ ಮುಂದೊಂದು ಬಾಗಿಲು. ಅದನ್ನು ತೆರೆದರೆ ಸ್ವಿಚ್ಚು ಮೇಲೇಳಬೇಕು, ಮಿಷನ್ನು ನಿಲ್ಲಬೇಕು. ತಂತಿ ಆ ಸ್ವಿಚ್ಚನ್ನು ಒತ್ತಿ ಹಿಡಿದಿತ್ತು. ಬಾಗಿಲು ತೆರೆದಿದ್ದರೂ ಅಚ್ಚು ಅವನ ಕೈ ಮೇಲೆ ಮುಚ್ಚಿಕೊಂಡಿತ್ತು.

"ಕಟ್ಟಿದ್ದು ಯಾರು?" ಓಂಕಾರಮೂರ್ತಿ ಕೇಳಿದರು.

"ಅವನೇ ಕಣ್ರೀ," ಅಂದರು ಮಾಲೀಕ ಷಣ್ಮುಖಪ್ಪ. "ಬೇಗ ಬೇಗ ಡಬ್ಬಿ ತೆಗೆಯೋಕೆ. ಹಬ್ಬ ಆದ್ಮೇಲೆ ಸೇರಿದೋನು, ಹೊಸಬ. ನಾನು ಆ ತಂತೀನ ನೋಡೇ ಇರ್ಲಿಲ್ಲ."

"ಯಾವ ಹಬ್ಬ?"

"ಆಯುಧ ಪೂಜೆ."

ಮೂಲೆಯಲ್ಲಿ ಕೆಂಚಪ್ಪನ ಹೆಂಡತಿ ಪ್ರೇಮಮ್ಮ ನಿಂತಿದ್ದಳು. "ಸ್ವಾಮಿ, ಅವರು ಆಸ್ಪತ್ರೇಲಿ ಒಂದೇ ಮಾತು ಕೇಳ್ತಾವ್ರೆ. ನಾನೇನು ತಪ್ಪು ಮಾಡ್ದೆ ಅಂತ."

ತಪ್ಪು ಅವನದೇ ಎಂದಾದರೆ ಪರಿಹಾರವೂ ಇಲ್ಲ, ಇನ್ನೊಂದು ಕಡೆ ಕೆಲಸವೂ ಇಲ್ಲ. ನಿಜ ಹೇಳಬೇಕೆಂದರೆ ನಾನಾಗಲೇ ಮನಸ್ಸಿನಲ್ಲಿ ಅವನ ಹೆಸರು ಬರೆದಾಗಿತ್ತು. ಅವಸರದ ಹುಡುಗರನ್ನು ಕಂಡರೆ ನನಗಾಗುವುದಿಲ್ಲ.

ಫಿಟ್ಟರ್ ಗುಂಡಣ್ಣನನ್ನು ಕರೆಸಿದೆವು.

"ನೀನು ಕಟ್ಟಿದ್ಯೇನಯ್ಯಾ?"

"ಇಲ್ಲ ಸಾರ್. ದಸರಾಕ್ಕೆ ಮುಂಚೆ ಕಟ್ಟು ಅಂತ—" ಷಣ್ಮುಖಪ್ಪನವರ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಓಂಕಾರಮೂರ್ತಿ ಒತ್ತಾಯ ಮಾಡಲಿಲ್ಲ. ಸ್ವಿಚ್ಚಿನ ಹತ್ತಿರ ಬಗ್ಗಿದರು. ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ.

"ಪೂಜೆ ಚೆನ್ನಾಗಿ ಮಾಡ್ಸಿದೀರಿ."

"ಮಾಡ್ಸೋದೇನು, ನಾನೇ ಮಾಡೋದು. ಮಿಷನ್ ತೊಳೆದು ವಿಭೂತಿ ಹಚ್ಚೋದು ನನ್ನ ಕೈಯಿಂದ್ಲೇ. ಬೇರೆಯೋರು ಮುಟ್ಟೋ ಹಂಗಿಲ್ಲ. ಮುಂದಿನ ವರ್ಷದ ತನಕ ಒರೆಸೋ ಹಂಗೂ ಇಲ್ಲ."

"ತೀರ್ಥಪ್ಪ, ತಂತಿ ಬಿಚ್ಚಪ್ಪ. ಮೆಲ್ಲಗೆ."

ಬಿಚ್ಚಿದೆ. ಒಣಗಿದ ವಿಭೂತಿ ತಂತಿಯಿಂದ ಪುಡಿಪುಡಿ ಉದುರಿತು. ತಂತಿ ಕೂತಿದ್ದ ಕಡೆ ಪೆಟ್ಟಿಗೆಯ ಮೇಲೆ ಕಪ್ಪು ಗೀಟು. ಅಲ್ಲಿ ಮಾತ್ರ ವಿಭೂತಿ ಸೋಕಿಯೇ ಇರಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ಹೊತ್ತು ಅದರ ಮುಂದೆಯೇ ನಿಂತಿದ್ದೆನಲ್ಲ.

"ವಿಭೂತಿ ತಂತಿಯ ಮೇಲಿದೆ, ಕೆಳಗಿಲ್ಲ," ಅಂದರು ಓಂಕಾರಮೂರ್ತಿ. "ಅಂದ್ರೆ ಪೂಜೆಗೆ ಮುಂಚೇನೇ ತಂತಿ ಇತ್ತು. ಕೆಂಚಪ್ಪ ಬಂದದ್ದು ಆಮೇಲೆ. ತಂತಿ ನೋಡಿಲ್ಲ ಅಂದ್ರಿ. ಅದಕ್ಕೇ ವಿಭೂತಿ ಹಚ್ಚಿದೀರಲ್ಲ, ನಿಮ್ಮ ಕೈಯಿಂದ್ಲೇ?"

ಗುಂಡಣ್ಣ ಈಗ ಬಾಯಿ ಬಿಟ್ಟ. "ಕಟ್ಟು ಅಂದ್ರು ಸಾರ್. ಕಟ್ಟಲ್ಲ ಅಂದೆ. ಅವರೇ ಕಟ್ಕಂಡ್ರು."

ಷಣ್ಮುಖಪ್ಪ ಸ್ಟೂಲು ಎಳೆದುಕೊಂಡು ಕೂತರು. "ಪ್ರತಿ ಡಬ್ಬಿಗೂ ಬಾಗಿಲು ತೆಗೆದು ಮುಚ್ತಾ ಕೂತ್ರೆ ಆರ್ಡರ್ ಮುಗಿಯಲ್ಲ... ಬಾಗಿಲು ತೆರೆದೇ ಓಡ್ಲಿ ಅಂತ... ಅವನು ಕೈ ಯಾಕೆ ಹಾಕ್ಬೇಕಿತ್ತು?"

"ಡಬ್ಬಿ ಇನ್ನೂ ಅಚ್ಚಿಗೆ ಅಂಟ್ಕೊಂಡೇ ಇದೆ, ನೋಡಿ," ಅಂದರು ಓಂಕಾರಮೂರ್ತಿ. "ಅಂಟ್ಕೊಂಡ್ರೆ ಕೈ ಹಾಕಿ ತೆಗಿ, ಏನೂ ಆಗಲ್ಲ ಅಂತ ಯಾರು ಹೇಳ್ಕೊಟ್ಟಿದ್ರು ಅವನಿಗೆ?"

"ನಾನೇ," ಅಂದರು ಷಣ್ಮುಖಪ್ಪ.

ಪ್ರೇಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನಡೆದಳು.

"ಎಲ್ಲಿಗಮ್ಮಾ? ಹೇಳಿಕೆ ಬರ್ಕೋಬೇಕು," ಅಂದೆ.

"ಆಮೇಲೆ ಬರ್ಕೊಳ್ಳಿ ಸ್ವಾಮಿ. ಆಸ್ಪತ್ರೆಗೆ ಹೋಗಿ ಬತ್ತೀನಿ. ಅವರು ಬೆಳಿಗ್ಗೆಯಿಂದ ಕೇಳ್ತಾನೇ ಅವ್ರೆ."