ಅರ್ಧದಲ್ಲಿ ನಿಂತ ಮುಳ್ಳು

ಯಂತ್ರವೊಂದು ಕೈಕೊಟ್ಟಿತೆಂದರೆ, ಅದನ್ನು ಕಡೆಯದಾಗಿ ಮುಟ್ಟಿದ ಕೆಲಸಗಾರನನ್ನೇ ಅಪರಾಧಿಯೆಂದು ತೀರ್ಮಾನಿಸುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ಊರ ಆಸ್ಪತ್ರೆಯ ಕಂಪೌಂಡರನಿಗೂ ಯಾರೂ ಕೊಟ್ಟಿರಲಿಲ್ಲ. ಆದರೂ ಅವನು ಆ ಅಧಿಕಾರವನ್ನು ನಡುಬೀದಿಯಲ್ಲಿ ನಿಂತು ಚಲಾಯಿಸಿದ್ದ. ಮೀಟರ್ ರಿಪೇರಿಯವನನ್ನು ಕಳ್ಳನೆಂದು ಬೈದು, ಅವನ ಸಲಕರಣೆ ಪೆಟ್ಟಿಗೆಯನ್ನು ಎತ್ತಿ ಚರಂಡಿಯ ಪಕ್ಕಕ್ಕೆ ಎಸೆದಿದ್ದ. ಸುತ್ತ ನಿಂತವರು ನಕ್ಕರೇ ಹೊರತು ಒಬ್ಬರೂ ತಡೆಯಲಿಲ್ಲವೆಂಬುದು ಅವನಿಗೆ ಆ ಹೊತ್ತು ಮೆಚ್ಚುಗೆಯಂತೆ ಕಂಡಿತ್ತು.

ನಡೆದದ್ದು ಇಷ್ಟು. ನಿವೃತ್ತ ಜಡ್ಜ್ ಸಾಹೇಬರ ಮನೆಯಲ್ಲಿ ಅವರ ತಂದೆಯ ಕಾಲದ ಕಾರೊಂದಿತ್ತು. ಮನೆಗೆ ಇದ್ದ ವಾಹನ ಅದೊಂದೇ. ಅದರ ಪೆಟ್ರೋಲ್ ಮೀಟರ್ ಕೆಟ್ಟಿತ್ತು. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲಬೇಕಾದ ಬೆಂಡು ನೆನೆದು ಮುಳುಗಿಹೋಗಿತ್ತು. ಅದನ್ನು ತೆಗೆದು ಟೊಳ್ಳು ಹಿತ್ತಾಳೆಯ ಗುಂಡು ಕೂರಿಸಿ ಕೊಟ್ಟವನು ಬೀದಿಯ ಮೀಟರ್ ರಿಪೇರಿಯವನು. ಮೀಟರುಗಳ ಮುಳ್ಳು ಕೂರಿಸುವುದರಲ್ಲೇ ಆಯುಷ್ಯ ಸವೆಸಿದ ಅವನನ್ನು ಜನ ಮುಳ್ಳಣ್ಣ ಎನ್ನುತ್ತಿದ್ದರು. ಅದಾದ ಕೆಲವೇ ವಾರಗಳಲ್ಲಿ ಜಡ್ಜ್ ಸಾಹೇಬರ ಹೆಂಡತಿ ಊಟದ ಮೇಜಿನ ಬಳಿಯೇ ಕುಸಿದರು. ಮಗ ಅವರನ್ನು ಕಾರಿನಲ್ಲಿ ಮಲಗಿಸಿ, ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಮುಳ್ಳು ಅರ್ಧ ತೋರಿಸುತ್ತಿತ್ತು. ಅರ್ಧ ದಾರಿಯಲ್ಲಿ ಕಾರು ನಿಂತಿತು; ಟ್ಯಾಂಕಿನಲ್ಲಿ ತೊಟ್ಟು ಪೆಟ್ರೋಲೂ ಇರಲಿಲ್ಲ. ಆ ದಾರಿಯಲ್ಲೇ ಬರುತ್ತಿದ್ದ ಕಂಪೌಂಡರ್ ಅವರನ್ನು ತರಕಾರಿಯ ತಳ್ಳುಗಾಡಿಯಲ್ಲಿ ಮಲಗಿಸಿ ಆಸ್ಪತ್ರೆ ಮುಟ್ಟಿಸಿದ. ಜೀವ ಉಳಿಯಿತು, ಮಾತು ಮತ್ತು ಬಲಗೈ ಹೋದವು. ಬೇಗ ತಂದಿದ್ದರೆ ಅವೂ ಉಳಿಯುತ್ತಿದ್ದವೇನೋ ಎಂದರು ಡಾಕ್ಟರು. ಆ ಮಾತನ್ನು ಕೇಳಿಕೊಂಡು ಕಂಪೌಂಡರ್ ನೇರ ಮುಳ್ಳಣ್ಣನ ಅಂಗಡಿಗೆ ಬಂದಿದ್ದ.

ಈಗ, ಕೆಲವು ವಾರ ಕಳೆದ ಮೇಲೆ, ಮುಳ್ಳಣ್ಣನ ಹೆಂಡತಿ ಕಂಪೌಂಡರನ ಮನೆಯ ಬಾಗಿಲಿಗೇ ಬಂದು ನಿಂತಿದ್ದಳು. ಬಂದದ್ದು ಅವನಿಗಾಗಿ ಅಲ್ಲ, ಅವನ ಅಕ್ಕನಿಗಾಗಿ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅಕ್ಕನನ್ನು ಬೀದಿಯೆಲ್ಲ ಮೇಡಂ ಎಂದು ಕರೆಯುತ್ತಿತ್ತು. ಕಳುವು, ಸುಳ್ಳು, ಕಾಣೆಯಾದ ಮನುಷ್ಯ, ಏನೇ ಗೋಜಲಿದ್ದರೂ ಜನ ಅವರಲ್ಲಿಗೇ ಬರುತ್ತಿದ್ದರು. ಅಂಗಡಿಯ ಕಟ್ಟಡ ಜಡ್ಜ್ ಸಾಹೇಬರದ್ದು. ಭಾನುವಾರದೊಳಗೆ ಖಾಲಿ ಮಾಡಬೇಕೆಂದು ಅವರ ಮಗ ಹೇಳಿಕಳಿಸಿದ್ದ. ಮುಳ್ಳಣ್ಣ ಅಂಗಡಿಯ ಕದ ತೆಗೆಯುತ್ತಿಲ್ಲ, ಯಾರ ಮುಖವನ್ನೂ ನೋಡುತ್ತಿಲ್ಲ ಎಂದು ಆಕೆ ಹೇಳಿದಳು. ಕಂಪೌಂಡರನ ಕಡೆ ಅವಳು ಒಮ್ಮೆಯೂ ತಿರುಗಲಿಲ್ಲ.

"ನಿಮ್ಮ ಯಜಮಾನ್ರು ಏನಂತಾರೆ?" ಮೇಡಂ ಕೇಳಿದರು.

"ಏನೂ ಅನ್ನಲ್ಲ ಮೇಡಂ. ತಪ್ಪು ನಂದೇ ಇರಬೇಕು ಅಂತ ಅವರಿಗೇ ಅನ್ಸೋಕೆ ಶುರುವಾಗಿದೆ. ಅದಕ್ಕೇ ಭಯ ನನಗೆ."

ಅಂದೇ ಮೇಡಂ ತಮ್ಮನನ್ನು ಕರೆದುಕೊಂಡು ಜಡ್ಜ್ ಸಾಹೇಬರ ಮನೆಗೆ ಹೋದರು. ದಾರಿಯುದ್ದಕ್ಕೂ ಅವರು ಪೆಟ್ಟಿಗೆಯ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಕಂಪೌಂಡರನಿಗೆ ಅನ್ನಿಸಿತು.

ಮಗ ಕಾರಿನ ಶೆಡ್ಡಿನ ಬಾಗಿಲು ತೆಗೆದ. ಎತ್ತರದ ಆಳು, ಕೆಲಸದ ಮೇಲೆ ಊರೂರು ತಿರುಗುವವನು. ತಾಯಿ ಕುಸಿಯುವ ಹಿಂದಿನ ಭಾನುವಾರ ತಾನೇ ಓಡಿಸಿ ನಿಲ್ಲಿಸಿದ್ದಾಗಿಯೂ, ಅಂದು ಅರ್ಧ ಟ್ಯಾಂಕ್ ಇತ್ತೆಂದೂ, ಆಮೇಲೆ ಕಾರನ್ನು ಯಾರೂ ಮುಟ್ಟಿಲ್ಲವೆಂದೂ ಹೇಳಿದ. ಒಂದು ಕೀಲಿ ಸದಾ ಅವನ ಸೊಂಟದಲ್ಲೇ ಇರುತ್ತಿತ್ತು. ಇನ್ನೊಂದು ತಂದೆಯ ಮೇಜಿನ ಖಾನೆಯಲ್ಲಿದ್ದದ್ದು ಕಳೆದುಹೋಗಿ ಬಹಳ ದಿನವಾಗಿತ್ತಂತೆ.

"ಅವತ್ತು ಹೊರಟಾಗ ಏನೇನಾಯ್ತು, ಒಂದೂ ಬಿಡದೆ ಹೇಳಪ್ಪ."

"ಏನು ಹೇಳಲಿ ಮೇಡಂ. ಹತ್ತಿ ಕೂತರೆ ಮೊಣಕಾಲು ಸ್ಟಿಯರಿಂಗಿಗೆ ಬಡೀತು. ಸೀಟು ಹಿಂದಕ್ಕೆ ತಳ್ಳೋದ್ರಲ್ಲೇ ಅರ್ಧ ಜೀವ ಹೋಯ್ತು. ರಸ್ತೆ ತುಂಬ ಗುಂಡಿ. ಹಿಂದಿನ ವಾರ ಮುಳ್ಳು ಗುಂಡಿ ಗುಂಡಿಗೂ ತೂಗಾಡ್ತಿತ್ತು, ಅವತ್ತು ಮಾತ್ರ ಕಲ್ಲಿನ ಹಾಗೆ ಅರ್ಧಕ್ಕೇ ನಿಂತಿತ್ತು. ಧೈರ್ಯವಾಗಿ ಓಡಿಸಿದೆ. ಆ ಅಯೋಗ್ಯನ್ನ ನಂಬಿದ್ದೇ ತಪ್ಪಾಯ್ತು."

ಮೇಡಂ ಕಾರಿನೊಳಗೆ ಬಗ್ಗಿ ನೋಡಿದರು. ಕೀಲಿ ಹಾಕಿರಲಿಲ್ಲ. ಮುಳ್ಳು ಇನ್ನೂ ಅರ್ಧದಲ್ಲೇ ಇತ್ತು. ಕಂಪೌಂಡರನೂ ನೋಡಿದ, ಅವನಿಗೆ ಅದರಲ್ಲಿ ಮುಳ್ಳಣ್ಣನ ತಪ್ಪಲ್ಲದೆ ಬೇರೇನೂ ಕಾಣಲಿಲ್ಲ.

ಗೇಟಿನ ಕಾವಲುಗಾರ ಕೇಳುವ ಮೊದಲೇ, ತಾನು ಏನೂ ನೋಡಿಲ್ಲ, ತನಗೇನೂ ಗೊತ್ತಿಲ್ಲ ಎಂದುಬಿಟ್ಟ. ಅವನಿಗೆ ಡ್ರೈವಿಂಗ್ ಬರುತ್ತದೆಯೇ ಎಂದು ಮೇಡಂ ವಿಚಾರಿಸಿದರು. ಸೈಕಲ್ಲಿನಿಂದಲೇ ಎರಡು ಸಲ ಬಿದ್ದವನು ತಾನು ಎಂದ.

ಒಳಗೆ ಜಡ್ಜ್ ಸಾಹೇಬರು ಕಿಟಕಿಯ ಬಳಿ ಹಳೆಯ ಪುಸ್ತಕವೊಂದರ ಹರಿದ ಬೆನ್ನಿಗೆ ಸಣ್ಣ ಕುಂಚದಲ್ಲಿ ಗೋಂದು ಬಳಿಯುತ್ತಿದ್ದರು. ಕುಳ್ಳ ದೇಹ, ದಪ್ಪ ಕನ್ನಡಕ. ಕಣ್ಣು ಮಂಜಾದಾಗಿನಿಂದ ಮಗ ತನ್ನನ್ನು ಕಾರಿನ ಹತ್ತಿರಕ್ಕೂ ಬಿಡುವುದಿಲ್ಲವೆಂದು ನಗುತ್ತಲೇ ದೂರಿದರು. ಪಕ್ಕದ ಗಾಲಿಕುರ್ಚಿಯಲ್ಲಿ ಹೆಂಡತಿ ಕುಳಿತಿದ್ದರು. ಅವರ ಕಡೆ ನೋಡದೆಯೇ ಸಾಹೇಬರು ಮಾತಾಡಿದರು.

ಭಾನುವಾರ ಬೆಳಿಗ್ಗೆ ಮೇಡಂ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿದರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರಬೇಕಾದಷ್ಟು ಎತ್ತರದ ಮುಳ್ಳಣ್ಣ ಬಂದು ಮೂಲೆಯಲ್ಲಿ ನಿಂತ. ಮೇಡಂ ಅವನಿಗೆ ಹೇಳಿ, ಟ್ಯಾಂಕಿನಿಂದ ಬರುವ ತಂತಿಗೆ ಬೇರೊಂದು ಮೀಟರ್ ಹಾಕಿಸಿದರು. ಕೀಲಿ ಹಾಕಿಟ್ಟು ಡಬ್ಬದಿಂದ ಪೆಟ್ರೋಲ್ ಸುರಿಯುತ್ತಿದ್ದಂತೆ ಅದರ ಮುಳ್ಳು ಮೆಲ್ಲಗೆ ಮೇಲೇರಿತು. ಕೀಲಿ ತಿರುಗಿಸಿ ತೆಗೆದಾಗ ಸೊನ್ನೆಗೆ ಬಿತ್ತು.

"ಮುಳ್ಳಣ್ಣ ರಿಪೇರಿ ಮಾಡಿದ್ದು ಟ್ಯಾಂಕಿನೊಳಗಿನ ಗುಂಡನ್ನ. ಅದು ಸರಿಯಾಗಿದೆ, ಎಲ್ಲರೂ ನೋಡಿದ್ರಿ," ಎಂದು ಮೇಡಂ ಪಾಠ ಹೇಳುವ ದನಿಯಲ್ಲಿ ಶುರುಮಾಡಿದರು. ಪೆಟ್ರೋಲ್ ಅಲುಗಾಡಿದರೆ ಮುಳ್ಳೂ ಅಲುಗಾಡಬೇಕು, ಕೀಲಿ ತೆಗೆದರೆ ಸೊನ್ನೆಗೆ ಬೀಳಬೇಕು. ಆಸ್ಪತ್ರೆಗೆ ಹೊರಟ ದಿನಕ್ಕೆ ಮುಂಚಿನ ಭಾನುವಾರ ತೂಗಾಡಿದ ಮುಳ್ಳು ಆ ದಿನ ಕದಲಲಿಲ್ಲ, ಕೀಲಿಯಿಲ್ಲದೆಯೂ ಅರ್ಧದಲ್ಲೇ ನಿಂತಿದೆ. ಹಾಗಾದರೆ ಕೆಟ್ಟದ್ದು ಟ್ಯಾಂಕಲ್ಲ, ಎದುರಿನ ಮೀಟರು. ಅದೂ ಆ ಒಂದು ವಾರದೊಳಗೆ. ಹೀಗೆನ್ನುತ್ತ ಅವರು ಹಳೆಯ ಮೀಟರಿನ ಹಿತ್ತಾಳೆಯ ಬಳೆ ತಿರುಗಿಸಿ ಗಾಜು ತೆಗೆದರು. ಮುಳ್ಳಿನ ಬುಡದಲ್ಲಿ ಒಣಗಿದ ಗೋಂದಿನ ಹನಿಯಿತ್ತು. ಹನಿಯೊಳಗೆ ಕುಂಚದ ಒಂದು ಕೂದಲು.

ಮೇಡಂ ಮುಂದುವರಿಸಿದರು. ಪೆಟ್ರೋಲ್ ಕದಿಯುವವನಿಗೆ ಒಂದು ಕೊಳವೆ ಸಾಕು; ಅವನು ಸೀಟಿನಲ್ಲಿ ಕೂರುವುದಿಲ್ಲ, ಸೀಟನ್ನು ಮುಂದಕ್ಕೂ ಎಳೆಯುವುದಿಲ್ಲ. ಎಳೆದವರು ಕಾರು ಓಡಿಸಿದ್ದರು, ಮತ್ತು ಕುಳ್ಳಗಿದ್ದರು. ಮುಳ್ಳಣ್ಣ ಬಿದಿರು ಗಳ. ಕಾವಲುಗಾರನಿಗೆ ಓಡಿಸಲು ಬಾರದು, ಬಂದರೂ ಕೀಲಿಯಿಲ್ಲ. ಆದರೆ ಕಾರು ಹೊರಗೆ ಹೋದದ್ದು ಅವನ ಗೇಟಿನಿಂದಲೇ. ಅವನ ಬಾಯಿ ಕಟ್ಟಿಹಾಕಬಲ್ಲವರು ಈ ಮನೆಯಲ್ಲಿ ಎಷ್ಟು ಜನರಿದ್ದಾರೆ?

ಕಾವಲುಗಾರ ನೆಲ ನೋಡಿದ. "ದೊಡ್ಡ ಸಾಹೇಬ್ರು ಮಾತು ತಗೊಂಡಿದ್ರು," ಎಂದ.

ಮಗ ತಂದೆಯ ಕಡೆ ತಿರುಗಿದ. "ಅಪ್ಪಾ, ಇದೇನಿದು?"

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಕಳೆದುಹೋಯ್ತು ಅಂದ ಕೀಲಿ ನನ್ನ ಹತ್ರಾನೇ ಇತ್ತು. ನೀನು ಊರಲ್ಲಿಲ್ಲದಾಗ ಬೆಳಿಗ್ಗೆ ಒಂದು ಸುತ್ತು ಹೋಗಿ ಬರ್ತಿದ್ದೆ. ಮುಳ್ಳು ಇಳಿದ್ರೆ ನಿಂಗೆ ಗೊತ್ತಾಗುತ್ತಲ್ಲ, ಅದಕ್ಕೇ ಅಂಟಿಸಿದೆ. ನೀನು ಬರೋದ್ರೊಳಗೆ ಪೆಟ್ರೋಲ್ ತರಿಸಿ ತುಂಬಿಸಿ, ಗೋಂದು ಕೆರೆದುಬಿಡೋಣ ಅಂದ್ಕೊಂಡಿದ್ದೆ. ನೀನು ಒಂದು ದಿನ ಮುಂಚೆ ಬಂದೆ."

"ಅವತ್ತು ನನ್ನ ಪಕ್ಕದಲ್ಲೇ ಕೂತಿದ್ರಲ್ಲಪ್ಪ."

"ಕೂತಿದ್ದೆ." ಸಾಹೇಬರು ಕನ್ನಡಕ ಮಡಚಿದರು. "ದಾರೀಲಿ ಪೆಟ್ರೋಲ್ ಬಂಕ್ ಬಂತು. ನಿಲ್ಲಿಸು ಅಂತ ಹೇಳಿದ್ರೆ ಯಾಕೆ ಅಂತ ಕೇಳ್ತೀಯ. ಇನ್ನೂ ಸ್ವಲ್ಪ ಇರಬಹುದು, ಆಸ್ಪತ್ರೆವರೆಗೂ ಹೋಗಬಹುದು ಅಂದ್ಕೊಂಡೆ. ಬಂಕ್ ಹಿಂದೆ ಹೋಯ್ತು. ನಾನು ಸುಮ್ಮನಿದ್ದೆ."

ಎಷ್ಟೋ ವರ್ಷ ಪರರ ತಪ್ಪೊಪ್ಪಿಗೆಗಳನ್ನು ಎತ್ತರದ ಪೀಠದಲ್ಲಿ ಕುಳಿತು ಕೇಳಿದ ಮನುಷ್ಯ, ನಿರಪರಾಧಿಯೊಬ್ಬನಿಗೆ ಶಿಕ್ಷೆಯಾಗುತ್ತಿರುವುದನ್ನು ತಿಳಿದೂ ತಿಳಿದೂ ಪುಸ್ತಕಕ್ಕೆ ಗೋಂದು ಹಚ್ಚುತ್ತ ಕುಳಿತಿದ್ದರು. ಗಾಲಿಕುರ್ಚಿಯಲ್ಲಿದ್ದ ಹೆಂಡತಿ ಎಡಗೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸಿ ಗಂಡನಿಗೆ ಬೆನ್ನು ಮಾಡಿದರು. ಅವರಿಗೆ ಉಳಿದಿದ್ದ ಮಾತು ಅದೊಂದೇ.

ಆದರೆ ಕಂಪೌಂಡರನಿಗೆ ಆ ಕ್ಷಣ ಜಡ್ಜ್ ಸಾಹೇಬರು ದೊಡ್ಡ ಅಪರಾಧಿಯಾಗಿ ಕಾಣಲಿಲ್ಲ. ಅವರು ಹೆದರಿ ಸತ್ಯ ಮುಚ್ಚಿಟ್ಟಿದ್ದರು. ತಾನು ಧೈರ್ಯವಾಗಿ, ಊರ ಮುಂದೆ, ಏನನ್ನೂ ವಿಚಾರಿಸದೆ ಅನ್ಯಾಯ ಮಾಡಿದ್ದ. ಎಲ್ಲರೂ ಹೊರಬರುವಾಗ ಅವನು ಮುಳ್ಳಣ್ಣನನ್ನು ಶೆಡ್ಡಿನ ಮರೆಗೆ ಕರೆದ. ಕೈಮುಗಿದು, ಅಂದು ಕೋಪದಲ್ಲಿ ಬುದ್ಧಿ ಕೆಟ್ಟಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಪಿಸುಗುಟ್ಟಿದ.

ಮುಳ್ಳಣ್ಣ, "ಆಯ್ತು ಬಿಡಿ, ಹೋಗ್ಲಿ," ಎನ್ನುವಷ್ಟರಲ್ಲಿ ಅವನ ಹೆಂಡತಿ ನಡುವೆ ಬಂದಳು. ಅಂದಿನಿಂದ ಮೊದಲ ಬಾರಿಗೆ ಕಂಪೌಂಡರನ ಮುಖವನ್ನೇ ನೋಡಿ ಕೇಳಿದಳು:

"ಬೈದಿದ್ದು ಬೀದೀಲಿ ಅಣ್ಣಾ. ಕ್ಷಮೆ ಕೇಳೋದು ಮಾತ್ರ ಗೋಡೆ ಮರೆಯಲ್ಲಾ?"

ಅವನು ಸಹಾಯಕ್ಕೆಂಬಂತೆ ಅಕ್ಕನ ಕಡೆ ನೋಡಿದ. ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು, ತಲೆಯೆತ್ತಲಿಲ್ಲ.

ಬೀದಿ ಭಾನುವಾರದ ವ್ಯಾಪಾರದಿಂದ ತುಂಬಿತ್ತು. ಟೈಲರ್ ಅಂಗಡಿಯವನಿದ್ದ, ಹಾಲಿನವಳಿದ್ದಳು, ಅಂದು ನಕ್ಕವರೆಲ್ಲ ಇದ್ದರು. ಕಂಪೌಂಡರ್ ಮುಚ್ಚಿದ ಅಂಗಡಿಯ ಮುಂದೆ ನಿಂತು, ತಪ್ಪು ಮುಳ್ಳಣ್ಣನದಲ್ಲ, ತನ್ನದು, ಅವರನ್ನು ಕಳ್ಳನೆಂದದ್ದು ಸುಳ್ಳು ಎಂದು ಹೇಳತೊಡಗಿದ. ಮೊದಲ ಸಲ ದನಿ ಹೊರಬರಲಿಲ್ಲ. "ಕೇಳಿಸ್ತಿಲ್ಲ," ಎಂದ ಟೈಲರ್. ಅವನು ಮತ್ತೆ, ಗಟ್ಟಿಯಾಗಿ ಹೇಳಿದ. ಮುಳ್ಳಣ್ಣ ಬೀಗಕ್ಕೆ ಕೀಲಿ ಹಾಕಿ ಅಂಗಡಿಯ ಕದ ತೆರೆದ.

ಓದುಗರೇ, ನೀವೂ ಹೀಗೆ ಯಾರನ್ನೋ ಅಂಗಡಿಯ ಮುಂದೆ, ಕಚೇರಿಯ ಮೆಟ್ಟಿಲ ಮೇಲೆ, ಮನೆಯ ಅಂಗಳದಲ್ಲಿ ವಿಚಾರಿಸದೆ ಅಪರಾಧಿಯೆಂದಿದ್ದೀರಿ. ಅವರ ಮುಖ ಈಗ ನಿಮ್ಮ ಕಣ್ಣ ಮುಂದೆ ಬಂದಿದೆ. ಈ ಪುಟ ಮಡಚಿಟ್ಟು ಎದ್ದು ಹೋಗಿ. ಫೋನಿನಲ್ಲಿ ಬೇಡ, ಮರೆಯಲ್ಲಿ ಬೇಡ; ಯಾರ ಎದುರು ಬೈದಿರೋ ಅವರ ಎದುರೇ ನಿಂತು ಕ್ಷಮೆ ಕೇಳಿ.